ಸಹಾಯಕ ಸಂಶೋಧಕ ಯಲ್ಲಾಪ್ರಗಡ ಸುಬ್ಬರಾವ್

ವಿಶ್ವವಿದ್ಯಾಲಯಗಳ ಇತಿಹಾಸವನ್ನು ಬರೆಯುವವರು ಕುಲಪತಿಗಳ, ಪ್ರಾಧ್ಯಾಪಕರ, ದಾನಿಗಳ ಹೆಸರುಗಳನ್ನು ತಪ್ಪದೆ ದಾಖಲಿಸುತ್ತಾರೆ. ಓಲೆಗರಿಗಳನ್ನು ನಕಲು ಮಾಡಿದ, ಪಾಠಾಂತರಗಳನ್ನು ಹೋಲಿಸಿ ಗುರುತು ಹಾಕಿದ, ನಿಘಂಟಿನ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದ ಸಹಾಯಕರ ಹೆಸರು ಮುನ್ನುಡಿಯ ಕೊನೆಯ ಪರಿಚ್ಛೇದದಲ್ಲಿ ಒಮ್ಮೆ ಬಂದು ಹೋಗುತ್ತದೆ. ಎಷ್ಟೋ ಸಲ ಅದೂ ಇರುವುದಿಲ್ಲ. ಸ್ನಾತಕೋತ್ತರ ವ್ಯಾಸಂಗದ ಕಾಲದಲ್ಲಿ ಹಿರಿಯರೊಬ್ಬರ ಕೈಕೆಳಗೆ ದುಡಿದವನ ಕೆಲಸ ಯಾರದು, ಅದರ ಫಲ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆ ಯಾವುದೋ ಒಂದು ಶಾಸ್ತ್ರಕ್ಕೆ ಸೀಮಿತವಾದುದಲ್ಲ. ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಜೀವರಸಾಯನ ವಿಜ್ಞಾನಿಯೊಬ್ಬರ ಜೀವನವನ್ನು ನಿರೂಪಿಸಲು ಹೊರಟಿರುವುದಕ್ಕೆ ಇಷ್ಟು ಸಮಾಧಾನ ಸಾಕು. ಅವರು ಓದಿ ಬೆಳೆದದ್ದು ಇದೇ ಮದರಾಸಿನಲ್ಲಿ ಎಂಬುದು ಇನ್ನೊಂದು ಕಾರಣ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತದಲ್ಲಿದ್ದ ಆ ಕಾಲದಲ್ಲಿ ಉನ್ನತ ವ್ಯಾಸಂಗಕ್ಕೆಂದು ಈ ಪಟ್ಟಣಕ್ಕೆ ಬರುತ್ತಿದ್ದ ಕನ್ನಡದ ಹುಡುಗರೂ, ಗೋದಾವರಿಯ ಬಯಲಿನಿಂದ ಬರುತ್ತಿದ್ದ ತೆಲುಗಿನ ಹುಡುಗರೂ ಒಂದೇ ಕಡಲ ದಂಡೆಯ ಒಂದೇ ಕಾಲೇಜುಗಳಲ್ಲಿ ಓದಿದವರು.

ಯಲ್ಲಾಪ್ರಗಡ ಸುಬ್ಬರಾವ್, ಕನ್ನಡದ ರೂಢಿಯಂತೆ ಹೇಳುವುದಾದರೆ ಸುಬ್ಬರಾಯರು, ಹುಟ್ಟಿದ್ದು ೧೮೯೫ರ ಜನವರಿ ೧೨ರಂದು, ಇಂದಿನ ಆಂಧ್ರಪ್ರದೇಶದ ಭೀಮವರಂನಲ್ಲಿ. ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ಕೆಲಸದಲ್ಲಿದ್ದು ಅನಾರೋಗ್ಯದ ಕಾರಣ ಬೇಗನೆ ನಿವೃತ್ತರಾದರು. ಮಕ್ಕಳು ಏಳು ಮಂದಿ. ಮನೆಯ ಭಾರ ತಾಯಿ ವೆಂಕಮ್ಮನವರ ಮೇಲೆ ಬಿತ್ತು. ಹುಡುಗ ಓದಿನಲ್ಲಿ ಚುರುಕಾಗಿದ್ದನೆಂದು ಹೇಳುವ ಆಧಾರವಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವೆನೆಂದು ಮನೆ ಬಿಟ್ಟು ಹೊರಟನೆಂದೂ ತಾಯಿ ಹಿಂದಕ್ಕೆ ಕರೆಸಿಕೊಂಡರೆಂದೂ ಅವರ ಜೀವನವನ್ನು ಬರೆದವರೆಲ್ಲರೂ ಹೇಳುತ್ತಾರೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾದ ರಾಯರು ಮೂರನೆಯ ಸಲ, ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಿಂದ, ತೇರ್ಗಡೆಯಾದರು. ಆ ವೇಳೆಗೆ ತಂದೆ ಗತಿಸಿದ್ದರು. ತಾಯಿ ಒಡವೆಗಳನ್ನು ಮಾರಿ ಮಗನನ್ನು ಓದಿಸಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಮುಗಿಸಿದ ತರುಣನ ಮನಸ್ಸು ಗಣಿತದ ಕಡೆಗೂ, ಅದಕ್ಕಿಂತ ಹೆಚ್ಚಾಗಿ ರಾಮಕೃಷ್ಣ ಆಶ್ರಮದ ಕಡೆಗೂ ಎಳೆಯುತ್ತಿತ್ತು. ಸಂನ್ಯಾಸಕ್ಕೆ ತಾಯಿಯ ಒಪ್ಪಿಗೆ ದೊರೆಯಲಿಲ್ಲ. ವೈದ್ಯನಾದರೆ ಸೇವೆಯೂ ಸಾಧ್ಯ, ಸಂಸಾರವೂ ನಿಲ್ಲುತ್ತದೆ ಎಂಬ ಲೆಕ್ಕಾಚಾರದಲ್ಲಿ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಶುಲ್ಕಕ್ಕೆ ನೆರವಾದವರು ಕಸ್ತೂರಿ ಸೂರ್ಯನಾರಾಯಣಮೂರ್ತಿಗಳು. ೧೯೧೯ರ ಮೇ ತಿಂಗಳಲ್ಲಿ ಅವರ ಮಗಳು ಶೇಷಗಿರಿಯೊಡನೆ ರಾಯರ ವಿವಾಹವಾಯಿತು. ಅಸಹಕಾರದ ಕಾಲವದು. ಗಾಂಧೀಜಿಯವರ ಕರೆಗೆ ಓಗೊಟ್ಟು ರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೆ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಬ್ರಾಡ್‌ಫೀಲ್ಡ್ ಅವರಿಗೆ ಇದು ಹಿಡಿಸಲಿಲ್ಲ. ಬರೆದ ಪತ್ರಿಕೆಗಳಲ್ಲಿ ಕೊರತೆಯಿರದಿದ್ದರೂ ರಾಯರಿಗೆ ದೊರೆತದ್ದು ಪೂರ್ಣಪ್ರಮಾಣದ ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಬಟ್ಟೆಯ ನೂಲಿನ ಮೇಲೆ ನಿರ್ಧಾರವಾದ ಈ ಪದವಿ ಮುಂದೆ ಅವರ ಜೀವನದ ದಾರಿಯನ್ನೇ ತಿರುಗಿಸಿತು.

ಆ ವರ್ಷಗಳ ಇನ್ನೊಂದು ಆಘಾತವನ್ನು ಇಲ್ಲಿಯೇ ಹೇಳಬೇಕು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ವ್ಯಾಧಿಗೆ ಬಲಿಯಾದರು. ಉಷ್ಣವಲಯದ ಈ ರೋಗದಲ್ಲಿ ಉಂಡ ಅನ್ನದ ಸಾರ ಕರುಳಿನಿಂದ ದೇಹಕ್ಕೆ ಸೇರದೆ, ರಕ್ತ ತಿಳಿಯಾಗಿ, ರೋಗಿ ಸೊರಗುತ್ತ ಹೋಗುತ್ತಾನೆ. ಅಂದಿನ ವೈದ್ಯದಲ್ಲಿ ಅದಕ್ಕೆ ಮದ್ದಿರಲಿಲ್ಲ. ಸರ್ಕಾರಿ ವೈದ್ಯಸೇವೆಯನ್ನು ಸೇರಲಾಗದ ರಾಯರು ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಶರೀರಶಾಸ್ತ್ರದ ಉಪನ್ಯಾಸಕರಾದರು. ಆಯುರ್ವೇದದ ಔಷಧಗಳನ್ನು ಆಧುನಿಕ ರೀತಿಯಲ್ಲಿ ಪರೀಕ್ಷಿಸಬೇಕೆಂಬ ಹಂಬಲ ಅವರಲ್ಲಿ ಮೊಳೆತದ್ದು ಅಲ್ಲಿ. ಅದಕ್ಕೆ ಬೇಕಾದ ಶಿಕ್ಷಣ ಇಲ್ಲಿ ದೊರೆಯುವಂತಿರಲಿಲ್ಲ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯ ನೆರವು, ಮಾವನವರ ನೆರವು, ಇವುಗಳನ್ನು ಕೂಡಿಸಿಕೊಂಡು ಅವರು ಸಮುದ್ರಯಾನ ಕೈಗೊಂಡರು. ೧೯೨೨ರ ಅಕ್ಟೋಬರ್ ೨೬ರಂದು ಬಾಸ್ಟನ್ ನಗರವನ್ನು ತಲುಪಿದರು. ಹೆಂಡತಿ ಆಗ ಗರ್ಭಿಣಿ.

ಅಮೆರಿಕೆಯಲ್ಲಿ ಅವರನ್ನು ಎದುರುಗೊಂಡ ಪರಿಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ೧೯೧೭ರ ಕಾಯಿದೆ ಏಷ್ಯಾದ ಬಹುಭಾಗದ ಜನರಿಗೆ ವಲಸೆಯ ಬಾಗಿಲನ್ನು ಮುಚ್ಚಿತ್ತು. ವಿದ್ಯಾರ್ಥಿಗಳಿಗೆ ಮಾತ್ರ ಕಿಂಡಿಯೊಂದು ತೆರೆದಿತ್ತು. ರಾಯರು ಹೋದ ಕೆಲವೇ ತಿಂಗಳಲ್ಲಿ, ೧೯೨೩ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಅಂದರೆ ಹಾರ್ವರ್ಡಿನ ಪ್ರಯೋಗಶಾಲೆಯಲ್ಲಿ ಕಳೆದ ಅಷ್ಟೂ ವರ್ಷ ರಾಯರು ಆ ದೇಶದಲ್ಲಿ ಪರಕೀಯರಾಗಿಯೇ ಇದ್ದರು. ಪರಕೀಯನಾದ ಸಹಾಯಕನಿಗೆ ತನ್ನ ಮೇಲಿನವರೊಡನೆ ವಾದಿಸುವ ಧೈರ್ಯ ಎಷ್ಟಿದ್ದೀತು ಎಂಬುದನ್ನು ಯಾರಾದರೂ ಊಹಿಸಬಹುದು.

ಹಾರ್ವರ್ಡಿನ ಉಷ್ಣವಲಯ ವೈದ್ಯ ಶಾಲೆಗೆ ಪ್ರವೇಶವೇನೋ ದೊರೆತಿತ್ತು; ವಿದ್ಯಾರ್ಥಿವೇತನ ದೊರೆಯಲಿಲ್ಲ. ಶಾಲೆಯ ಮುಖ್ಯಸ್ಥರಾದ ರಿಚರ್ಡ್ ಸ್ಟ್ರಾಂಗ್ ಅವರು ಮೊದಲ ದಿನಗಳಲ್ಲಿ ಕೈಹಿಡಿದರು. ಎಲ್.ಎಂ.ಎಸ್. ಪದವಿಯ ಬಲದ ಮೇಲೆ ಆಸ್ಪತ್ರೆಯಲ್ಲಿ ವೈದ್ಯನಾಗಿ ಕೆಲಸ ಮಾಡುವಂತಿರಲಿಲ್ಲ. ಆದ್ದರಿಂದ ಮದರಾಸಿನಲ್ಲಿ ವೈದ್ಯಕೀಯ ಓದಿ, ಶರೀರಶಾಸ್ತ್ರವನ್ನು ಬೋಧಿಸಿ ಬಂದಿದ್ದವರು ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಜವಾನರಾದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದು, ಹಾಸಿಗೆ ಸರಿಪಡಿಸುವುದು, ಗಾಡಿ ತಳ್ಳುವುದು ಅವರ ಪಾಲಿನ ಕೆಲಸ. ಹಗಲು ತರಗತಿ, ರಾತ್ರಿ ಆಸ್ಪತ್ರೆ. ಊರಿನಲ್ಲಿ ಹುಟ್ಟಿದ ಗಂಡುಮಗು ತಂದೆಯನ್ನು ಕಾಣದೆಯೇ, ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಸುದ್ದಿ ಕಾಗದದಲ್ಲಿ ಬಂತು. ಹಿಂದಿರುಗಲು ಹಣವಿರಲಿಲ್ಲ; ಹಿಂದಿರುಗಿದರೆ ಮತ್ತೆ ಬರುವ ದಾರಿಯೂ ಇರಲಿಲ್ಲ.

ಡಿಪ್ಲೊಮಾ ಮುಗಿದ ಬಳಿಕ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗವನ್ನು ಸೇರಿದರು. ಆ ವಿಭಾಗದ ಮುಖ್ಯಸ್ಥರು ಸ್ವೀಡನ್ ಮೂಲದ ಓಟೋ ಫೋಲಿನ್. ರಕ್ತ, ಮೂತ್ರಗಳಲ್ಲಿರುವ ದ್ರವ್ಯಗಳನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನಗಳಿಗೆ ಹೆಸರಾದವರು. ಅವರ ಕಿರಿಯ ಸಹೋದ್ಯೋಗಿ ಸೈರಸ್ ಫಿಸ್ಕ್ ಅವರ ಕೈಕೆಳಗೆ ಸುಬ್ಬರಾಯರು ಸಂಶೋಧನ ವಿದ್ಯಾರ್ಥಿಯಾಗಿಯೂ ಸಹಾಯಕರಾಗಿಯೂ ನಿಂತರು. ಆ ಕಾಲದ ಅಮೆರಿಕೆಯ ವಿಶ್ವವಿದ್ಯಾಲಯಗಳಲ್ಲಿ ಈ ಎರಡು ಸ್ಥಾನಗಳ ನಡುವೆ ಗೆರೆ ಎಳೆಯುವುದು ಕಷ್ಟ. ಗುರುವಿನ ಸಮಸ್ಯೆಯೇ ಶಿಷ್ಯನ ಪ್ರಬಂಧದ ವಿಷಯ. ಗುರುವಿನ ಹೆಸರಿನಲ್ಲಿ ಬಂದ ಅನುದಾನವೇ ಶಿಷ್ಯನ ಊಟ. ನಮ್ಮಲ್ಲಿಯೂ ಸಂಶೋಧನ ಸಹಾಯಕರಾಗಿ ದುಡಿಯುತ್ತ ಪಿಎಚ್.ಡಿ. ಮಾಡಿದವರಿಗೆ ಈ ವ್ಯವಸ್ಥೆಯ ಸುಖದುಃಖಗಳನ್ನು ವಿವರಿಸಬೇಕಾಗಿಲ್ಲ.

ಫಿಸ್ಕ್ ಅವರು ವಹಿಸಿದ ಕೆಲಸ ಮೇಲ್ನೋಟಕ್ಕೆ ನೀರಸವಾದುದು. ದೇಹದ ದ್ರವಗಳಲ್ಲಿ ರಂಜಕ ಎಷ್ಟಿದೆಯೆಂದು ಕಂಡುಹಿಡಿಯಲು ನಂಬಿಕೆಗೆ ಅರ್ಹವಾದ ಒಂದು ವಿಧಾನ ಬೇಕಾಗಿತ್ತು. ಅದಕ್ಕೆ ಮೊದಲೇ ಬೆಲ್ ಮತ್ತು ಡಾಯ್ಸಿ ಎಂಬವರ ವಿಧಾನವಿತ್ತು; ಬಣ್ಣ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಫಾಸ್ಫೇಟು ಆಮ್ಲದ ಸಮ್ಮುಖದಲ್ಲಿ ಮಾಲಿಬ್ಡೇಟಿನೊಡನೆ ಕೂಡಿ ಒಂದು ಸಂಯುಕ್ತವಾಗುತ್ತದೆ. ಆ ಸಂಯುಕ್ತವನ್ನು ಅಪಕರ್ಷಿಸಿದರೆ ನೀಲಿಬಣ್ಣ ಹುಟ್ಟುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. ಅಪಕರ್ಷಣೆಗೆ ಯಾವ ದ್ರವ್ಯವನ್ನು ಬಳಸಿದರೆ ಬಣ್ಣ ಬೇಗನೆ ಮೂಡಿ, ಬೇರೆ ವಸ್ತುಗಳ ಹಸ್ತಕ್ಷೇಪವಿಲ್ಲದೆ ನಿಲ್ಲುತ್ತದೆ ಎಂಬುದೇ ಸಮಸ್ಯೆಯ ತಿರುಳು. ದ್ರವ್ಯವಾದ ಮೇಲೆ ದ್ರವ್ಯವನ್ನು ಪರೀಕ್ಷಿಸಿ ಕೊನೆಗೆ ಅಮೈನೊನ್ಯಾಫ್ತಾಲ್ ಸಲ್ಫಾನಿಕ್ ಆಮ್ಲವನ್ನು ಆರಿಸಲಾಯಿತು. ೧೯೨೫ರಲ್ಲಿ ಅಮೆರಿಕೆಯ ಜೀವರಸಾಯನ ನಿಯತಕಾಲಿಕದಲ್ಲಿ ಈ ವಿಧಾನ ಫಿಸ್ಕ್ ಮತ್ತು ಸುಬ್ಬರಾವ್ ಇಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ವಿಜ್ಞಾನದ ಇತಿಹಾಸದಲ್ಲಿ ಅತಿ ಹೆಚ್ಚು ಬಾರಿ ಉಲ್ಲೇಖಗೊಂಡ ಬರಹಗಳಲ್ಲಿ ಅದೂ ಒಂದು. ಅಳತೆಯ ಪದ್ಧತಿಯೊಂದನ್ನು ಕಂಡುಹಿಡಿದವರಿಗೆ ಸಿದ್ಧಾಂತವನ್ನು ಮಂಡಿಸಿದವರ ಕೀರ್ತಿ ಬರುವುದಿಲ್ಲವಾದರೂ, ಸಿದ್ಧಾಂತಗಳು ಹಳತಾದ ಮೇಲೂ ಪದ್ಧತಿ ಬಳಕೆಯಲ್ಲಿ ಉಳಿಯುತ್ತದೆ. ಕಿಟ್ಟೆಲ್ಲರ ನಿಘಂಟನ್ನು ದಿನವೂ ತೆರೆಯುವ ನಮಗೆ ಇದು ಹೊಸ ಮಾತೇನಲ್ಲ.

ಈ ಪದ್ಧತಿಯನ್ನು ಸ್ನಾಯುವಿನ ಸಾರಕ್ಕೆ ಅನ್ವಯಿಸಿದಾಗ ಒಂದು ವಿಚಿತ್ರ ಕಾಣಿಸಿತು. ರಕ್ತದಲ್ಲಿ ಕೂಡಲೆ ಮೂಡುತ್ತಿದ್ದ ನೀಲಿ, ಬೆಕ್ಕಿನ ಸ್ನಾಯುವಿನ ಸಾರದಲ್ಲಿ ನಿಧಾನವಾಗಿ, ನಿಮಿಷನಿಮಿಷಕ್ಕೂ ಏರುತ್ತ ಹೋಗುತ್ತಿತ್ತು. ಆತುರದವನು ಇದನ್ನು ವಿಧಾನದ ದೋಷವೆಂದು ಬದಿಗಿಡುತ್ತಿದ್ದ, ಇಲ್ಲವೆ ಬಣ್ಣ ನಿಲ್ಲುವವರೆಗೆ ಕಾದು ಕೊನೆಯ ಅಂಕಿಯನ್ನಷ್ಟೇ ಬರೆದುಕೊಳ್ಳುತ್ತಿದ್ದ. ಈ ಪ್ರಯೋಗಶಾಲೆಯಲ್ಲಿ ಹಾಗಾಗಲಿಲ್ಲ. ಬಣ್ಣ ತಡವಾಗುವುದೆಂದರೆ ಫಾಸ್ಫೇಟು ಬಿಡಿಯಾಗಿರದೆ ಯಾವುದೋ ವಸ್ತುವಿಗೆ ಸಡಿಲವಾಗಿ ಅಂಟಿಕೊಂಡಿದೆ, ಆಮ್ಲದಲ್ಲಿ ಅದು ಮೆಲ್ಲಮೆಲ್ಲನೆ ಕಳಚಿಕೊಳ್ಳುತ್ತಿದೆ ಎಂದರ್ಥ. ಆ ವಸ್ತು ಯಾವುದು? ಸ್ನಾಯುವನ್ನು ಪ್ರಚೋದಿಸಿ ದಣಿಸಿದಾಗ ಈ ತಡವಾಗುವ ರಂಜಕ ಕುಗ್ಗುತ್ತಿತ್ತು, ವಿಶ್ರಾಂತಿಯಲ್ಲಿ ಮರಳಿ ಬರುತ್ತಿತ್ತು. ಕ್ರಿಯಾಟಿನ್ ಎಂಬ ದ್ರವ್ಯವೊಂದು ರಂಜಕಕ್ಕೆ ಸರಿಸಮನಾದ ಪ್ರಮಾಣದಲ್ಲಿ ಅದರೊಡನೆ ಬರುತ್ತಿತ್ತು. ೧೯೨೭ರ ಏಪ್ರಿಲಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಾಸ್ಫೊಕ್ರಿಯಾಟಿನ್ ಲೋಕಕ್ಕೆ ಪರಿಚಯವಾಯಿತು. ಅದೇ ವರ್ಷದ ಆರಂಭದಲ್ಲಿ ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿಗಳು ಇದೇ ವಸ್ತುವಿನ ಸುಳಿವನ್ನು ಬೇರೆಯಾಗಿಯೇ ಹಿಡಿದಿದ್ದರು. ಅದರ ರಾಸಾಯನಿಕ ಸ್ವರೂಪವನ್ನು ಸರಿಯಾಗಿ ಗುರುತಿಸಿದವರು ಹಾರ್ವರ್ಡಿನವರು. ಈ ಪ್ರಸಂಗವನ್ನು ಓದುವಾಗ ನಮ್ಮ ಹಸ್ತಪ್ರತಿ ಶೋಧನೆಯ ಒಂದು ಮಾತು ನೆನಪಾಗದೆ ಇರದು: ಲಿಪಿಕಾರನ ಸ್ಖಾಲಿತ್ಯವೆಂದು ತೋರುವ ಕಡೆಯಲ್ಲಿಯೇ ಎಷ್ಟೋ ಸಲ ಮೂಲಪಾಠ ಅಡಗಿರುತ್ತದೆ.

ಅಲ್ಲಿಯವರೆಗೆ ಸ್ನಾಯುವಿನ ಚಲನೆಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಮತ ಪ್ರಬಲವಾಗಿತ್ತು. ಆ ದಿಕ್ಕಿನ ಕೆಲಸಕ್ಕಾಗಿ ಇಂಗ್ಲೆಂಡಿನ ಹಿಲ್ ಮತ್ತು ಜರ್ಮನಿಯ ಮೈಯರ್‌ಹಾಫ್ ೧೯೨೨ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡಿದ್ದರು. ೧೯೩೦ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲ ಉತ್ಪತ್ತಿಯಾಗದಂತೆ ತಡೆದರೂ ಸ್ನಾಯು ಕೆಲಸ ಮಾಡುತ್ತದೆಂದು ತೋರಿಸಿದಾಗ ಆ ಮತ ಕುಸಿಯಿತು. ಫಾಸ್ಫೊಕ್ರಿಯಾಟಿನ್ ಮುನ್ನೆಲೆಗೆ ಬಂತು. ಅಷ್ಟರಲ್ಲಿ ಫಿಸ್ಕ್ ಮತ್ತು ಸುಬ್ಬರಾಯರು ಇನ್ನೂ ಮಹತ್ತರವಾದ ಮತ್ತೊಂದು ಸಂಯುಕ್ತವನ್ನು ಸ್ನಾಯುವಿನಿಂದ ಬೇರ್ಪಡಿಸಿದ್ದರು. ಅದು ಅಡಿನೋಸಿನ್ ಟ್ರೈಫಾಸ್ಫೇಟ್, ಇಂದು ಶಾಲೆಯ ಮಕ್ಕಳೂ ಎ.ಟಿ.ಪಿ. ಎಂದು ಬಲ್ಲ, ಜೀವಕೋಶದ ಶಕ್ತಿಯ ನಾಣ್ಯ. ಅವರ ಬರಹ ೧೯೨೯ರ ಅಕ್ಟೋಬರಿನಲ್ಲಿ ಬೆಳಕು ಕಂಡಿತು. ಆದರೆ ಮೈಯರ್‌ಹಾಫರ ಸಹಾಯಕನಾಗಿದ್ದ ಕಾರ್ಲ್ ಲೋಹ್ಮನ್ ಅದೇ ವಸ್ತುವನ್ನು ಅದೇ ವರ್ಷದ ಆಗಸ್ಟಿನಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿಬಿಟ್ಟಿದ್ದ. ಎರಡೇ ತಿಂಗಳ ಅಂತರ. ಗ್ರಂಥಗಳು ಲೋಹ್ಮನನ ಹೆಸರನ್ನು ಮೊದಲು ಹೇಳುವುದು ನ್ಯಾಯವೇ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ: ಲೋಹ್ಮನನೂ ಸಹಾಯಕನೇ, ನೊಬೆಲ್ ಪುರಸ್ಕೃತನೊಬ್ಬನ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದವನು. ಆದರೆ ಆ ಲೇಖನ ಅವನೊಬ್ಬನ ಹೆಸರಿನಲ್ಲಿಯೇ ಹೊರಬಂದಿತು. ಹಾರ್ವರ್ಡಿನ ಲೇಖನಗಳಲ್ಲಿ, ೧೯೨೫ರದಾಗಲಿ, ೧೯೨೭ರದಾಗಲಿ, ೧೯೨೯ರದಾಗಲಿ, ಫಿಸ್ಕ್ ಹೆಸರು ಮೊದಲು, ಸುಬ್ಬರಾವ್ ಹೆಸರು ಅನಂತರ.

೧೯೩೦ರಲ್ಲಿ ಸುಬ್ಬರಾಯರಿಗೆ ಡಾಕ್ಟರೇಟ್ ಲಭಿಸಿತು. ಮೂವತ್ತೈದು ವರ್ಷ ವಯಸ್ಸಿನ, ಎರಡು ಮಹತ್ವದ ಶೋಧಗಳಲ್ಲಿ ಪಾಲುದಾರನಾದ ವಿದ್ಯಾರ್ಥಿ ಅವರು. ಅಲ್ಲಿಯೇ ಕಿರಿಯ ಅಧ್ಯಾಪಕ ವರ್ಗವನ್ನು ಸೇರಿದರು. ಇದರ ಮುಂದಿನ ಹತ್ತು ವರ್ಷಗಳ ಕಥೆ ಅಷ್ಟು ಸರಳವಾದುದಲ್ಲ. ಫಿಸ್ಕ್ ಅಸಾಧಾರಣ ವಿಶ್ಲೇಷಕ. ಒಂದು ಅಂಕಿಯೂ ಸಂದೇಹಕ್ಕೆ ಎಡೆಕೊಡದಿದ್ದಾಗ ಮಾತ್ರ ಲೇಖನವನ್ನು ಕೈಬಿಡುವ ಸ್ವಭಾವದವರು. ಸುಬ್ಬರಾಯರು ಯಕೃತ್ತಿನಿಂದಲೂ ಸ್ನಾಯುವಿನಿಂದಲೂ ಬೇರ್ಪಡಿಸಿದ ಹಲವು ನ್ಯೂಕ್ಲಿಯೊಟೈಡುಗಳ ವಿವರ ಪತ್ರಿಕೆಯನ್ನು ಮುಟ್ಟಲೇ ಇಲ್ಲ. ಬೇರೆಯವರು ಅವುಗಳನ್ನು ವರ್ಷಗಳ ಬಳಿಕ ಮತ್ತೆ ಕಂಡುಹಿಡಿಯಬೇಕಾಯಿತು. ಈ ಸಂಗತಿಯನ್ನು ಹೊರಗೆ ಹೇಳಿದವರು ಜಾರ್ಜ್ ಹಿಚಿಂಗ್ಸ್. ಅವರೂ ಅದೇ ವಿಭಾಗದಲ್ಲಿ ಬೋಧನ ಸಹಾಯಕರಾಗಿದ್ದು, ಫಿಸ್ಕ್ ಅವರ ಬಳಿ ೧೯೩೩ರಲ್ಲಿ ಪಿಎಚ್.ಡಿ. ಪಡೆದವರು; ೧೯೮೮ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಭಾಜನರಾದವರು. ಗುರುವಿನ ಅಸೂಯೆಯೇ ಈ ತಡೆಗೆ ಕಾರಣವಿರಬಹುದೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹಿಚಿಂಗ್ಸ್ ಅವರ ಮಾತು ಒಂದೇ ಪಕ್ಷದ ಸಾಕ್ಷ್ಯವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅವರು ಇಬ್ಬರನ್ನೂ ಹತ್ತಿರದಿಂದ ಬಲ್ಲವರು. ಆದರೂ ಅಸೂಯೆ ಎಂಬ ಒಂದೇ ಪದದಿಂದ ಎಲ್ಲವನ್ನೂ ವಿವರಿಸಬಹುದೆಂದು ನನಗೆ ತೋರುವುದಿಲ್ಲ. ಅತಿಯಾದ ಜಾಗರೂಕತೆಯೂ ಕೆಲವೊಮ್ಮೆ ಅಸೂಯೆಯಷ್ಟೇ ಹಾನಿ ಮಾಡುತ್ತದೆ. ಶಿಷ್ಯನ ಬರಹವನ್ನು ತಿದ್ದುತ್ತೇನೆಂದು ಇಟ್ಟುಕೊಂಡು ಹತ್ತು ವರ್ಷ ಕಳೆದವರಲ್ಲಿ ಒಳ್ಳೆಯವರೂ ಇದ್ದಾರೆ. ವ್ಯವಸ್ಥೆಯೂ ಹೊಣೆ. ಪ್ರಕಟಣೆಯ ಅಧಿಕಾರ ಒಬ್ಬನ ಕೈಯಲ್ಲಿ, ಪ್ರಯೋಗದ ಶ್ರಮ ಇನ್ನೊಬ್ಬನ ಕೈಯಲ್ಲಿ, ಆ ಇನ್ನೊಬ್ಬನಿಗೆ ಆ ದೇಶದಲ್ಲಿ ನೆಲೆಯೇ ಇಲ್ಲ ಎಂದಾದಾಗ ಗುರುವಿನ ಗುಣದೋಷಗಳು ನೂರ್ಮಡಿಯಾಗಿ ಪರಿಣಮಿಸುತ್ತವೆ. ಸುಬ್ಬರಾಯರು ಮಾತ್ರ ಈ ಬಗ್ಗೆ ಎಲ್ಲಿಯೂ ದೂರಿದಂತೆ ಕಾಣುವುದಿಲ್ಲ. ಸಂನ್ಯಾಸಕ್ಕೆ ಹೊರಟಿದ್ದ ಮನಸ್ಸು ಅದು ಎಂಬ ವಿವರಣೆಯನ್ನು ಕೆಲವರು ಕೊಡುತ್ತಾರೆ. ನನಗೇನೋ ಅದು ಸಹಾಯಕರ ಮೌನವನ್ನು ಅವರ ಸದ್ಗುಣವೆಂದು ಹೊಗಳಿ ಪ್ರಶ್ನೆಯಿಂದ ಜಾರಿಕೊಳ್ಳುವ ರೀತಿಯೆಂದೇ ಅನ್ನಿಸಿದೆ.

ಫೋಲಿನ್ ೧೯೩೪ರಲ್ಲಿ ಕಾಲವಾದರು. ಅವರ ಬಳಿಕ ವಿಭಾಗವನ್ನು ವಹಿಸಿಕೊಂಡವರು ಬೇರ್ಡ್ ಹೇಸ್ಟಿಂಗ್ಸ್. ಸುಬ್ಬರಾಯರ ಆಸಕ್ತಿ ಈ ವೇಳೆಗೆ ಯಕೃತ್ತಿನ ಸಾರದತ್ತ ತಿರುಗಿತ್ತು. ಮಾರಕ ರಕ್ತಹೀನತೆಯ ರೋಗಿಗಳಿಗೆ ಯಕೃತ್ತನ್ನು ತಿನ್ನಿಸಿದರೆ ಗುಣವಾಗುತ್ತದೆಂದು ಮೈನಾಟ್ ಮತ್ತು ಮರ್ಫಿ ೧೯೨೬ರಲ್ಲಿ ತೋರಿಸಿದ್ದರು. ರಾಯರು ರಾತ್ರಿಪಾಳಿ ಮಾಡಿದ್ದ ಬ್ರಿಗಮ್ ಆಸ್ಪತ್ರೆ ಆ ಪ್ರಯೋಗ ನಡೆದ ಸ್ಥಳ. ಯಕೃತ್ತಿನಲ್ಲಿರುವ ಆ ಗುಣಕಾರಿ ಅಂಶ ಯಾವುದೆಂದು ಅರಸುತ್ತ ರಾಯರು ಹಲವು ಬಿ ಜೀವಸತ್ತ್ವಗಳ ಬೆನ್ನು ಹತ್ತಿದರು. ಪ್ಯಾಂಟೊಥೆನಿಕ್ ಆಮ್ಲದ ಮೇಲೆ ಹಿಚಿಂಗ್ಸ್ ಅವರೊಡನೆ ಕೂಡಿ ಬರೆದದ್ದು ಈ ಕಾಲದಲ್ಲಿ. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಸ್ಥಾನ ದೊರೆಯಲಿಲ್ಲ. ಹದಿನೇಳು ಹದಿನೆಂಟು ವರ್ಷಗಳ ದುಡಿಮೆಯ ಕೊನೆಗೆ, ೧೯೪೦ರಲ್ಲಿ, ಅವರು ನ್ಯೂಯಾರ್ಕಿನ ಸಮೀಪದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯ ಸಂಶೋಧನಾಲಯಕ್ಕೆ ಸಹನಿರ್ದೇಶಕರಾಗಿ ಹೋದರು, ಬಳಿಕ ಅದರ ನಿರ್ದೇಶಕರಾದರು. ಸಹಾಯಕನಾಗಿದ್ದವನ ಕೈಕೆಳಗೆ ಈಗ ದೊಡ್ಡದೊಂದು ಸಂಶೋಧಕ ಸಮೂಹವಿತ್ತು.

ಲೆಡರ್ಲೆಯ ಎಂಟು ವರ್ಷಗಳ ಸಾಧನೆ ಪ್ರಸಿದ್ಧವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೊದಲನೆಯದು ಫೋಲಿಕ್ ಆಮ್ಲ. ಇದರ ಕಥೆಯ ಒಂದು ತುದಿ ಮುಂಬಯಿಯಲ್ಲಿದೆ. ೧೯೨೮ರಿಂದ ಕೆಲವು ವರ್ಷ ಅಲ್ಲಿ ದುಡಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಸುರಿಯರಾದ ಗಿರಣಿ ಕೆಲಸದ ಹೆಂಗಸರನ್ನು ಕಾಡುತ್ತಿದ್ದ ರಕ್ತಹೀನತೆಗೆ ಮಾರ್ಮೈಟ್ ಎಂಬ ಯೀಸ್ಟಿನ ಸಾರ ಮದ್ದಾಗುತ್ತದೆಂದು ಕಂಡುಕೊಂಡರು. ಯೀಸ್ಟಿನಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಆ ದ್ರವ್ಯವನ್ನು ಶುದ್ಧರೂಪದಲ್ಲಿ ಹಿಡಿದು, ಅದರ ರಚನೆಯನ್ನು ಬಿಡಿಸಿ, ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ್ದು ರಾಯರ ತಂಡ, ೧೯೪೫ರಲ್ಲಿ. ಸೋದರರನ್ನು ಕೊಂಡೊಯ್ದಿದ್ದ ಸ್ಪ್ರೂ ರೋಗದ ರಕ್ತಹೀನತೆಗೆ ಕೊನೆಗೂ ಮದ್ದು ಸಿಕ್ಕಿತು, ಕಾಲು ಶತಮಾನ ತಡವಾಗಿ. ೧೯೪೭ರಲ್ಲಿ ಆನೆಕಾಲು ರೋಗಕ್ಕೆ ಡೈಎಥಿಲ್‌ಕಾರ್ಬಮಜೀನ್ ಬಂತು. ಕರಾವಳಿ ಕರ್ನಾಟಕದಲ್ಲಿಯೂ ಕಲಬುರಗಿ, ಬೀದರುಗಳ ಕಡೆಯಲ್ಲಿಯೂ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸಿದ ಗುಳಿಗೆಗಳಲ್ಲಿ ಇದೂ ಒಂದು. ಮಣ್ಣಿನ ಶಿಲೀಂಧ್ರಸದೃಶ ಜೀವಿಯೊಂದರಿಂದ ಬೆಂಜಮಿನ್ ಡಗ್ಗರ್ ಎಂಬ ವಯೋವೃದ್ಧ ಸಸ್ಯಶಾಸ್ತ್ರಜ್ಞರು ಇದೇ ಸಂಸ್ಥೆಯಲ್ಲಿ ಆರಿಯೊಮೈಸಿನ್ ಪಡೆದದ್ದು ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಿಗೆ ಆದಿಯಾಯಿತು. ಫೋಲಿಕ್ ಆಮ್ಲದ ರಚನೆಯನ್ನು ತುಸು ಬದಲಿಸಿ ಅದರ ಕೆಲಸಕ್ಕೆ ಅಡ್ಡಬರುವ ವಸ್ತುಗಳನ್ನು ತಯಾರಿಸಿದಾಗ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮೈನೊಪ್ಟೆರಿನ್ ಎಂಬುದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. ೧೯೪೮ರ ವರದಿಯ ಪ್ರಕಾರ ಹದಿನಾರು ಮಕ್ಕಳಲ್ಲಿ ಹತ್ತು ಮಂದಿಯಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಔಷಧಗಳಿಗಿಂತ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಒಂದು ಸಣ್ಣ ಸಂಗತಿ. ಫೋಲಿಕ್ ಆಮ್ಲದ ಸಂಶ್ಲೇಷಣೆಯನ್ನು ಸಾರಿದ ೧೯೪೫ರ 'ಸೈನ್ಸ್' ಪತ್ರಿಕೆಯ ಬರಹದಲ್ಲಿ ಲೇಖಕರ ಹೆಸರುಗಳು ಹದಿನಾರು. ಸಂಶೋಧನಾಲಯದ ನಿರ್ದೇಶಕರ ಹೆಸರು ಮೊದಲಲ್ಲಿಯೂ ಇಲ್ಲ, ಕೊನೆಯಲ್ಲಿಯೂ ಇಲ್ಲ. ಸಂಸ್ಥೆಯ ಎರಡು ತಂಡಗಳವರ ಹೆಸರುಗಳನ್ನು ಇಂಗ್ಲಿಷಿನ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದು, ಸುಬ್ಬರಾವ್ ಎಂಬ ಹೆಸರು ತನ್ನ ಅಕ್ಷರಕ್ಕೆ ಸಲ್ಲುವ ಏಳನೆಯ ಸ್ಥಾನದಲ್ಲಿ ಬರುತ್ತದೆ. ಇದು ಸಂಸ್ಥೆಯ ಪದ್ಧತಿಯೋ ರಾಯರ ನಿರ್ಧಾರವೋ, ಆ ಪಟ್ಟಿಯಲ್ಲಿ ಸಹಾಯಕನನ್ನು ಅಧಿಕಾರಿಯಿಂದ ಬೇರ್ಪಡಿಸಿ ತೋರಿಸುವ ಗುರುತು ಯಾವುದೂ ಇಲ್ಲ. ಮೂರು ಪ್ರಮುಖ ಲೇಖನಗಳಲ್ಲಿ ಎರಡನೆಯವನಾಗಿ ನಿಂತವನ ಹೆಸರನ್ನು ಈ ಪಟ್ಟಿಯಲ್ಲಿ ಹುಡುಕಿ ತೆಗೆಯುವುದು ವಿಲಕ್ಷಣ ಅನುಭವ.

ಭಾರತೀಯರಿಗೆ ಪೌರತ್ವದ ಅವಕಾಶ ಕೊಟ್ಟ ಕಾಯಿದೆ ೧೯೪೬ರಲ್ಲಿ ಬಂದಿತಾದರೂ ಸುಬ್ಬರಾಯರು ಅಮೆರಿಕೆಯ ಪೌರರಾಗಲಿಲ್ಲ. ಊರಿಗೂ ಮರಳಲಿಲ್ಲ. ಬೇಗನೆ ಹಿಂದಿರುಗುವ ಮಾತು ಕೊಟ್ಟು ಹೊರಟ ಗಂಡನನ್ನು ಶೇಷಗಿರಿಯವರು ಮತ್ತೆ ಕಾಣಲಿಲ್ಲ. ಜೀವನಚರಿತ್ರೆಗಳು ಆಕೆಗೆ ಕೆಲವೇ ಸಾಲುಗಳನ್ನು ಮೀಸಲಿಡುತ್ತವೆ. ಗಂಡ ರಾತ್ರಿಪಾಳಿ ಮಾಡುತ್ತಿದ್ದಾಗ ಮಗುವನ್ನು ಹೆತ್ತು, ಅದನ್ನು ಕಳೆದುಕೊಂಡು, ಇಪ್ಪತ್ತಾರು ವರ್ಷ ಅಂಚೆಗಾಗಿ ಕಾದ ಈ ಹೆಣ್ಣುಮಗಳೂ ಆ ಸಂಶೋಧನೆಗೆ ತೆತ್ತವರಲ್ಲಿ ಒಬ್ಬರು. ಆಕೆಯ ಹೆಸರು ಮುನ್ನುಡಿಯ ಕೊನೆಯ ಪರಿಚ್ಛೇದದಲ್ಲಿಯೂ ಬರುವಂಥದಲ್ಲ.

೧೯೪೮ರ ಆಗಸ್ಟ್ ತಿಂಗಳ ಒಂದು ರಾತ್ರಿ ಪರ್ಲ್ ರಿವರ್‌ನಲ್ಲಿ ನಿದ್ರೆಯಲ್ಲಿಯೇ ಹೃದಯ ನಿಂತು ಸುಬ್ಬರಾಯರು ತೀರಿಕೊಂಡರು. ಆಗ ಅವರಿಗೆ ೫೩ ವರ್ಷ. ೧೯೫೩ರಲ್ಲಿ ಹೊಸದಾಗಿ ಗುರುತಿಸಲಾದ ಶಿಲೀಂಧ್ರವೊಂದಕ್ಕೆ ಸುಬ್ಬರೊಮೈಸಿಸ್ ಎಂದು ಅವರ ಹೆಸರನ್ನಿಟ್ಟರು. ೧೯೯೫ರಲ್ಲಿ, ಜನ್ಮಶತಾಬ್ದಿಯ ವರ್ಷ, ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. ಜೀವರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಗಳಲ್ಲಿ ರಂಜಕವನ್ನು ಅಳೆಯುವ ಪಾಠ ಬಂದಾಗ ನಮ್ಮ ವಿದ್ಯಾರ್ಥಿಗಳು ದಾಖಲೆಯ ಪುಸ್ತಕದ ಮೇಲುಗಡೆ ಈಗಲೂ ಫಿಸ್ಕ್–ಸುಬ್ಬರಾವ್ ವಿಧಾನ ಎಂದು ಬರೆದು, ಮಾಲಿ ಬ್ಡೇಟನ್ನು ಸುರಿದು, ನೀಲಿ ಮೂಡುವುದನ್ನು ಕಾಯುತ್ತಾರೆ.